ಸಂಬಳದ ಬೆಳ್ಳಿಯ ಮೇಲೆ ದಂಡನಾಯಕರು: ರೋಮ್‌ನಿಂದ ಪಾತ್ರಾಸ್‌ವರೆಗೆ

ಭಾನುವಾರ, ರೋಮ್

ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿಗೆ 124 ಮೆಟ್ಟಿಲು. ಅಕ್ಕ ಅರ್ಧ ಹತ್ತಿ, "ನೀವಿಬ್ಬರೂ ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಅಂದಳು. ಭಾವನೂ ನಾನೂ ಮೇಲೆ ಹೋದೆವು. ಕ್ಯಾಪಿಟೊಲೈನ್ ಬೆಟ್ಟದ ಈ ತುದಿಯಲ್ಲಿ ಜೂನೋ ಮೊನೇಟಾ ದೇವಿಯ ಗುಡಿಯಿತ್ತು. ಗಣರಾಜ್ಯದ ಕಾಲದ ಟಂಕಸಾಲೆ ಅದರ ಮಗ್ಗುಲಲ್ಲೇ ನಡೆಯುತ್ತಿತ್ತು. ಈಗ ಕಣ್ಣಿಗೆ ಬೀಳುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಪ್ರವಾಸ ಇಲ್ಲಿಂದಲೇ ಶುರುವಾಗಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಗಣರಾಜ್ಯದ ಕೊನೆಯ ದಶಕಗಳಲ್ಲಿ ರೋಮ್‌ನ ದಂಡನಾಯಕರು ಒಬ್ಬರ ಮೇಲೊಬ್ಬರು ದಂಡೆತ್ತಿ ಹೋದಾಗ, ಅವರವರ ಮಾತನ್ನು ಊರೂರಿಗೆ ಒಯ್ದದ್ದು ಅವರವರು ಟಂಕಿಸಿದ ಬೆಳ್ಳಿ ನಾಣ್ಯ. ಆ ನಾಣ್ಯಗಳ ಜಾಡು ಹಿಡಿದು ರೋಮ್‌ನಿಂದ ಬ್ರಿಂಡಿಸಿ, ಅಲ್ಲಿಂದ ಸಮುದ್ರ ದಾಟಿ ಗ್ರೀಸ್‌ನ ಆಕ್ಟಿಯಂ, ಕೊನೆಗೆ ಪಾತ್ರಾಸ್. ಇದು ನಾನು ಹಾಕಿಕೊಂಡ ದಾರಿ. ಭಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು, ದುಡ್ಡಿನ ಕಥೆ ಎಂದರೆ ಅವರಿಗೆ ದಣಿವೇ ಇಲ್ಲ.

ಇಲ್ಲಿನ ಟಂಕಸಾಲೆಯ ಉಸ್ತುವಾರಿ ಪ್ರತಿವರ್ಷ ನೇಮಕವಾಗುವ ಮೂವರು ತರುಣ ಅಧಿಕಾರಿಗಳದು. ರಾಜಕೀಯಕ್ಕೆ ಆಗಷ್ಟೇ ಕಾಲಿಟ್ಟ ದೊಡ್ಡ ಮನೆತನದ ಹುಡುಗರು. ಮೊದಮೊದಲು ನಾಣ್ಯದ ಮೇಲೆ ರೋಮಾ ದೇವಿ, ಕುದುರೆಯೇರಿದ ಅವಳಿ ದೇವರು ಇಷ್ಟೇ ಇರುತ್ತಿದ್ದರು. ಬರಬರುತ್ತ ಈ ಹುಡುಗರು ತಮ್ಮ ಹಿರೀಕರ ಸಾಹಸಗಳನ್ನು ಅಚ್ಚಿಗೆ ಹಾಕತೊಡಗಿದರು.

ಇಳಿದು ಬಂದರೆ ಬೆಟ್ಟದ ಬುಡದಲ್ಲಿ ಮಾಮೆರ್ಟೈನ್ ಸೆರೆಮನೆ. ನುಮಿಡಿಯಾದ ಅರಸ ಜುಗುರ್ತಾ ಕ್ರಿ.ಪೂ. 104ರಲ್ಲಿ ಸತ್ತದ್ದು ಇದರ ನೆಲಮಾಳಿಗೆಯಲ್ಲಿ. ಗೆದ್ದ ಮೆರವಣಿಗೆ ದಂಡನಾಯಕ ಮಾರಿಯಸ್‌ದಾಯಿತು. ಆದರೆ ಜುಗುರ್ತಾನ ಮಾವ ಬೋಕಸ್‌ನನ್ನು ಒಲಿಸಿ ಅಳಿಯನನ್ನೇ ಹಿಡಿದುಕೊಡುವಂತೆ ಮಾಡಿದವನು ಮಾರಿಯಸ್‌ನ ಕೈಕೆಳಗಿದ್ದ ಸುಲ್ಲಾ. ಆ ದೃಶ್ಯವನ್ನು ಸುಲ್ಲಾ ಉಂಗುರದ ಮೇಲೆ ಕೆತ್ತಿಸಿಕೊಂಡು, ಓಲೆಗಳಿಗೆಲ್ಲ ಅದೇ ಮುದ್ರೆ ಒತ್ತುತ್ತಿದ್ದನೆಂದೂ, ಮಾರಿಯಸ್‌ಗೆ ಅದು ಎದೆಯ ಮುಳ್ಳಾಯಿತೆಂದೂ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಕ್ರಿ.ಪೂ. 56ರಲ್ಲಿ ಸುಲ್ಲಾನ ಮಗ ಫಾಸ್ಟಸ್ ಟಂಕಸಾಲೆಯ ಅಧಿಕಾರಿಯಾದಾಗ ಆ ಉಂಗುರದ ಚಿತ್ರವನ್ನೇ ನಾಣ್ಯಕ್ಕೆ ಇಳಿಸಿದ. ಎತ್ತರದ ಪೀಠದಲ್ಲಿ ಸುಲ್ಲಾ, ಮಂಡಿಯೂರಿ ಆಲಿವ್ ಕೊಂಬೆ ಚಾಚಿದ ಬೋಕಸ್, ಹಿಂಗೈ ಕಟ್ಟಿ ಕೂರಿಸಿದ ಜುಗುರ್ತಾ. ಒಬ್ಬನ ಬೆರಳಿನ ಮೇಲಿದ್ದ ಜಗಳ ಐವತ್ತು ವರ್ಷದ ನಂತರ ಸಾವಿರಾರು ಜನರ ಕೈಗೆ ಬಂತು. ಸೆರೆಮನೆಯ ಬಾಗಿಲಲ್ಲಿ ನಿಂತು, ಕಡತದಲ್ಲಿ ತಂದಿದ್ದ ಅದರ ದೊಡ್ಡಚಿತ್ರ ತೆಗೆದು ಭಾವನಿಗೆ ತೋರಿಸಿದೆ. "ಅಪ್ಪನ ಹೆಸರಲ್ಲಿ ವೋಟು ಕೇಳೋದು ಆಗಲೂ ಇತ್ತು ಅನ್ನು" ಅಂದರು.

ಸೋಮವಾರ, ರೋಮ್

ಫೋರಂನಲ್ಲಿ ಸ್ಯಾಟರ್ನ್ ಗುಡಿಯ ಎಂಟು ಕಂಬ ನಿಂತಿವೆ. ಕಂಬಗಳು ಈಚಿನ ಜೀರ್ಣೋದ್ಧಾರದವು, ಜಾಗ ಮಾತ್ರ ಹಳೆಯದೇ. ರೋಮ್‌ನ ಖಜಾನೆ ಇದ್ದದ್ದು ಈ ಗುಡಿಯಲ್ಲಿ. ಕ್ರಿ.ಪೂ. 49ರ ಜನವರಿಯಲ್ಲಿ ಸೀಸರ್, ಸೇನೆಯೊಂದಿಗೆ ದಾಟಬಾರದೆಂಬ ಕಾನೂನಿದ್ದ ರುಬಿಕಾನ್ ಹೊಳೆ ದಾಟಿದ. ಅವನ ಎದುರಾಳಿ ಪಾಂಪೆ ಊರು ಬಿಟ್ಟು ಹೋಗುವ ಆತುರದಲ್ಲಿ ಖಜಾನೆ ಬಿಟ್ಟುಹೋದ. ಸೀಸರ್ ಬಂದಾಗ ಮೆಟೆಲ್ಲಸ್ ಎಂಬ ಟ್ರಿಬ್ಯೂನ್ (ಜನಸಾಮಾನ್ಯರ ಪರ ಅಧಿಕಾರಿ) ಅಡ್ಡ ನಿಂತ. ಕೊಲ್ಲುತ್ತೇನೆಂದು ಸೀಸರ್ ಗದರಿಸಿದ, ಹಾಗೆ ಹೇಳುವುದು ತನಗೆ ಮಾಡುವುದಕ್ಕಿಂತ ಕಷ್ಟವೆಂದೂ ಸೇರಿಸಿದ ಎಂದು ಪ್ಲುಟಾರ್ಕ್ ಹೇಳುತ್ತಾನೆ. ಒಳಗಿಂದ ಹೊರಬಂದದ್ದು 15,000 ಚಿನ್ನದ ಗಟ್ಟಿ, 30,000 ಬೆಳ್ಳಿಯ ಗಟ್ಟಿ, ಮೂರು ಕೋಟಿ ಸೆಸ್ಟರ್ಸ್ ನಗದು. ಈ ಲೆಕ್ಕ ರೋಮನ್ ಲೇಖಕ ಪ್ಲಿನಿಯದು.

ಸಂಬಳಕ್ಕೆ ಕಾಯುತ್ತಿದ್ದ ಸೇನೆಗಾಗಿ ಸೀಸರ್ ಆ ಹೊತ್ತಿನಲ್ಲಿ ಟಂಕಿಸಿದ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಇಂದಿಗೂ ಲೋಕಪ್ರಸಿದ್ಧ. ಒಂದು ಬದಿಯಲ್ಲಿ ಆನೆ, ಅದರ ಕಾಲಡಿಯಲ್ಲಿ ಹೆಡೆಯೆತ್ತಿದ ಹಾವಿನಂಥದ್ದು. ಕೆಳಗೆ ಸೀಸರ್ ಎಂಬ ಹೆಸರು. ಹಿಂಬದಿಯಲ್ಲಿ ಪೂಜೆಯ ಸಲಕರಣೆ: ಸೌಟು, ನೀರು ಚಿಮುಕಿಸುವ ಕುಂಚ, ಬಲಿಯ ಕೊಡಲಿ, ಪುರೋಹಿತರ ಟೋಪಿ. ಆನೆಯ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ ನಾಣ್ಯದಲ್ಲಿ ಇಲ್ಲದ ಸಂಗತಿ. ಸೀಸರನಿಗೆ ಯಾವ ಹುದ್ದೆ, ಯಾವ ಅಧಿಕಾರದಿಂದ ಇದನ್ನು ಟಂಕಿಸುತ್ತಿದ್ದಾನೆ ಎಂಬ ಒಂದಕ್ಷರವೂ ಅದರ ಮೇಲಿಲ್ಲ. ಕಾನೂನು ಅವನ ಕಡೆಗಿರಲಿಲ್ಲ. ದೇವರ ಕೆಲಸ ಅವನ ಕೈಯಲ್ಲಿತ್ತು, ಕ್ರಿ.ಪೂ. 63ರಿಂದ ರೋಮ್‌ನ ಪ್ರಧಾನ ಪುರೋಹಿತ ಅವನೇ. ಹಾಗಾಗಿ ಪೂಜೆಯ ಸಾಮಾನು, ಒಂದು ಹೆಸರು, ಒಂದು ಆನೆ. ಸೈನಿಕನಿಗೆ ಅಷ್ಟು ಸಾಕಾಗಿತ್ತು.

ಸಂಜೆ ಲಾರ್ಗೋ ಅರ್ಜೆಂಟಿನಾ. ರಸ್ತೆಗಿಂತ ಆಳದಲ್ಲಿ ಗುಡಿಗಳ ಪಳೆಯುಳಿಕೆ, ಅವುಗಳ ಹಿಂದೆ ಪಾಂಪೆ ಕಟ್ಟಿಸಿದ ಸಭಾಂಗಣದ ಅಡಿಪಾಯದ ಕಲ್ಲು. ಕ್ರಿ.ಪೂ. 44ರ ಮಾರ್ಚ್ 15ರಂದು ಸೀಸರ್ ಬಿದ್ದದ್ದು ಆ ಸಭಾಂಗಣದಲ್ಲಿ. ಕಂಬಿ ಹಿಡಿದು ನೋಡಿದೆವು. ಬೆಕ್ಕುಗಳು ಓಡಾಡುತ್ತಿದ್ದವು, ಅಕ್ಕ ಅವುಗಳ ಫೋಟೋ ತೆಗೆದಳು.

ಮಂಗಳವಾರ, ರೋಮ್

ಟೆರ್ಮಿನಿ ರೈಲು ನಿಲ್ದಾಣದ ಎದುರಿಗೇ ಪಲಾಟ್ಸೊ ಮಾಸ್ಸಿಮೊ ಮ್ಯೂಸಿಯಂ. ಜನ ಮೇಲಿನ ಮಹಡಿಯ ಭಿತ್ತಿಚಿತ್ರಗಳಿಗೆ ಹೋಗುತ್ತಾರೆ, ನಾಣ್ಯಗಳಿರುವುದು ನೆಲಮಾಳಿಗೆಯಲ್ಲಿ. ಇಟಲಿಯ ದೊರೆ ಮೂರನೇ ವಿಟ್ಟೋರಿಯೊ ಇಮ್ಯಾನುಯೆಲೆ ಕೂಡಿಟ್ಟ ದೊಡ್ಡ ಸಂಗ್ರಹವೂ ಈ ಸಂಸ್ಥೆಯಲ್ಲೇ ಇದೆ. ಬೆಳಗ್ಗೆ ಒಳಹೊಕ್ಕವಳು ಮಧ್ಯಾಹ್ನ ದಾಟುವವರೆಗೂ ಮೇಲೆ ಬರಲಿಲ್ಲ.

ಸೀಸರನ ಮುಖವಿರುವ ದಿನಾರಿಯಸ್ ಮುಂದೆ ಬಹಳ ಹೊತ್ತು ನಿಂತೆ. ಬದುಕಿರುವ ರೋಮನ್ನನೊಬ್ಬನ ಮುಖ ರೋಮ್‌ನ ಟಂಕಸಾಲೆಯಿಂದ ಹೊರಬಂದದ್ದು ಅದೇ ಮೊದಲು, ಕ್ರಿ.ಪೂ. 44ರ ಆರಂಭದಲ್ಲಿ. ಕೆತ್ತಿದವನು ಮುಖಸ್ತುತಿಗೆ ಕೈ ಹಾಕಿಲ್ಲ. ಕತ್ತಿನ ಮೇಲೆ ಅಡ್ಡಡ್ಡ ಸುಕ್ಕು, ಒಳಗಿಳಿದ ಕೆನ್ನೆ, ಮುಂದೆ ಬಂದ ಗಂಟಲ ಗುಬ್ಬಿ, ತಲೆಗೆ ಎಲೆಯ ಕಿರೀಟ. ಸುತ್ತಲೂ 'ನಿರಂತರ ಸರ್ವಾಧಿಕಾರಿ ಸೀಸರ್' ಎಂದು. ಹಿಂದೆ ಅವನ ವಂಶದ ಮೂಲದೇವತೆ ವೀನಸ್, ಅಂಗೈಯಲ್ಲಿ ಪುಟ್ಟ ವಿಜಯದೇವಿ. ಈ ಮಾತುಗಳಿರುವ ನಾಣ್ಯಗಳು ಹೊರಬಿದ್ದು ಕೆಲವೇ ವಾರಗಳಲ್ಲಿ ಅವನ ಕೊಲೆಯಾಯಿತು.

ಕೊಂದ ಬ್ರೂಟಸ್ ಎರಡು ವರ್ಷದ ನಂತರ ಮಾಡಿದ್ದೇನು? ಕ್ರಿ.ಪೂ. 42ರಲ್ಲಿ ಸೇನೆಯೊಂದಿಗೆ ಸಾಗುತ್ತಿದ್ದ ಟಂಕಸಾಲೆಯಲ್ಲಿ ನಾಣ್ಯ ಹೊಡೆಸಿದ. ಒಂದು ಬದಿಗೆ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರು ಹಾಕುವ ಟೋಪಿ, ಕೆಳಗೆ ಮಾರ್ಚ್ 15ರ ತಾರೀಖು. ರಾಜಕೀಯ ಕೊಲೆಯೊಂದನ್ನು ದಿನಾಂಕ ಸಮೇತ ಸಂಬಳದ ಹಣದ ಮೇಲೆ ಸಾರಿದ ಇಂಥ ಇನ್ನೊಂದು ನಾಣ್ಯ ನನಗೆ ಗೊತ್ತಿಲ್ಲ. ಇನ್ನೊಂದು ಬದಿಗೆ ಬ್ರೂಟಸ್‌ನದೇ ಮುಖ. ಅರಸನಂತೆ ಮೆರೆದನೆಂದು ಸೀಸರನನ್ನು ಕೊಂದವನು ತಾನೂ ಮುಖ ಹಾಕಿಸಿಕೊಂಡ. ಹಾಗೆ ಮಾಡದೆ ಅವನಿಗೆ ವಿಧಿಯಿರಲಿಲ್ಲ ಎಂದೇ ನನಗನ್ನಿಸುತ್ತದೆ. ಸೀಸರನ ಮುಖ ನೋಡಿ ಅಭ್ಯಾಸವಾದ ಸೈನಿಕನಿಗೆ ಯಾರ ಪರವಾಗಿ ಸಾಯಬೇಕೆಂಬುದನ್ನು ಮುಖವಿಲ್ಲದೆ ಹೇಳುವುದು ಅಷ್ಟು ಹೊತ್ತಿಗೆ ಕಷ್ಟವಾಗಿತ್ತು. ಎರಡು ಶತಮಾನಕ್ಕೂ ಹೆಚ್ಚು ಕಾಲದ ನಂತರ ಬಾಳಿದ ಇತಿಹಾಸಕಾರ ಕ್ಯಾಸಿಯಸ್ ಡಿಯೋಗೂ ಈ ನಾಣ್ಯದ ನೆನಪಿತ್ತು, ತನ್ನ ಗ್ರಂಥದಲ್ಲಿ ಬಣ್ಣಿಸಿದ್ದಾನೆ. ಇದರ ಚಿನ್ನದ ಪ್ರತಿಗಳು ಉಳಿದಿರುವುದು ಬೆರಳೆಣಿಕೆ. ಅವುಗಳಲ್ಲಿ 2020ರಲ್ಲಿ ಲಂಡನ್ನಿನಲ್ಲಿ ಹರಾಜಾದ ಒಂದನ್ನು 2023ರಲ್ಲಿ ಅಮೆರಿಕದ ಅಧಿಕಾರಿಗಳು ಗ್ರೀಸ್‌ಗೆ ಮರಳಿಸಿದರು.

ಇನ್ನು ನಾನು ನೋಡಲೆಂದೇ ಬಂದದ್ದು. ಸೀಸರನ ಸೇನಾನಿಯಾಗಿದ್ದ ಮಾರ್ಕ್ ಆಂಟನಿಯ ಲೀಜನ್ ದಿನಾರಿಯಸ್. ಲೀಜನ್ ಎಂದರೆ ರೋಮನ್ ಸೇನೆಯ ದೊಡ್ಡ ದಳ. ಬೆರಳುಗುರಿನಷ್ಟು ಅಗಲ, ಬಹಳ ಸವೆದದ್ದು. ಭೂತಗನ್ನಡಿಯಲ್ಲಿ ಮೊದಲು ಕಂಡದ್ದು ಹುಟ್ಟುಗಳ ಸಾಲು, ಆಮೇಲೆ ಹಡಗಿನ ಮೈ, ಬಾಗಿದ ಮೂತಿ. ಮೇಲೆ ಆಂಟನಿಯ ಹೆಸರಿನ ಮೊದಲ ಅಕ್ಷರಗಳು. ಹಿಂದೆ ಲೀಜನ್ನಿನ ಹದ್ದಿನ ದಂಡ, ಅದರ ಎಡಬಲಕ್ಕೆ ಎರಡು ಧ್ವಜ, ಬುಡದಲ್ಲಿ 'ಲೆಗ್' ಎಂದು ಬರೆದು ದಳದ ಸಂಖ್ಯೆ. ಒಂದರಿಂದ 23ರವರೆಗೆ ಒಂದೊಂದು ಲೀಜನ್ನಿಗೂ ಅದರದೇ ನಾಣ್ಯ. ಅಂಗರಕ್ಷಕ ದಳಕ್ಕೆ ಬೇರೆ, ಬೇಹಿನ ದಳಕ್ಕೆ ಬೇರೆ. ಕ್ರಿ.ಪೂ. 32–31ರ ಚಳಿಗಾಲದಲ್ಲಿ, ಆಕ್ಟಿಯಂ ಯುದ್ಧಕ್ಕೆ ಮುನ್ನ, ಆಂಟನಿ ಇವನ್ನು ಸಿಕ್ಕಾಪಟ್ಟೆ ಹೊಡೆಸಿದ. ಸಂಬಳವೆಂದರೆ ಸಾಮಾನ್ಯ ಸಂಗತಿಯಲ್ಲ: ಸೀಸರ್ ಇಮ್ಮಡಿ ಮಾಡಿದ ಮೇಲೆ ಒಬ್ಬ ಕಾಲಾಳಿಗೆ ವರ್ಷಕ್ಕೆ 225 ದಿನಾರಿಯಸ್.

ಆಂಟನಿಯ ಮುಖ ಇದರಲ್ಲಿಲ್ಲ. ಅವನ ಜೊತೆಗಿದ್ದ ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳೂ ಇಲ್ಲ. ಸ್ವಲ್ಪ ಮುಂಚೆ ಟಂಕಿಸಿದ ಇನ್ನೊಂದು ದಿನಾರಿಯಸ್‌ನಲ್ಲಿ ಅವಳ ಮುಖವಿದೆ, 'ರಾಜರ ರಾಣಿ' ಎಂಬ ಬಿರುದೂ ಇದೆ. ಅದು ಆಂಟನಿಗೆ ಒಳ್ಳೆಯದು ಮಾಡಲಿಲ್ಲ. ಅವನ ಎದುರಾಳಿ, ಸೀಸರನ ದತ್ತುಮಗ ಆಕ್ಟೇವಿಯನ್ ಯುದ್ಧ ಸಾರಿದ್ದೇ ಕ್ಲಿಯೋಪಾತ್ರಳ ಮೇಲೆ, ಪರದೇಶದ ರಾಣಿಯ ಮೇಲೆ. ಲೀಜನ್ ನಾಣ್ಯದಲ್ಲಿ ರಾಣಿಯ ಸುದ್ದಿಯೇ ಇಲ್ಲ. ಸಂಬಳ ಎಣಿಸಿಕೊಂಡವನಿಗೆ ಕಾಣುವುದು ತನ್ನ ಹದ್ದು, ತನ್ನ ದಳದ ಸಂಖ್ಯೆ. ದಂಡನಾಯಕರ ನಾಣ್ಯಗಳಲ್ಲೆಲ್ಲ ಇದಕ್ಕಿಂತ ಜಾಣತನದ್ದನ್ನು ನಾನು ಕಂಡಿಲ್ಲ. ಮಿಕ್ಕವರು ಸೈನಿಕನಿಗೆ ತಮ್ಮನ್ನು ತೋರಿಸಿದರು, ಆಂಟನಿ ಸೈನಿಕನಿಗೆ ಅವನನ್ನೇ ತೋರಿಸಿದ.

ಇವುಗಳಲ್ಲಿ ಬೆಳ್ಳಿ ಕಮ್ಮಿ. ಆಂಟನಿ ಕಬ್ಬಿಣ ಬೆರೆಸಿದನೆಂದು ಪ್ಲಿನಿ ದೂರಿದ್ದಾನೆ, ನಿಜಕ್ಕೂ ಬೆರೆಸಿದ್ದು ತಾಮ್ರ. ಇದನ್ನು ಕೇಳಿದ್ದೇ ಭಾವನಿಗೆ ಉತ್ಸಾಹ ಬಂತು.

"ಹಾಗಾದರೆ ಇದೇ ಜಾಸ್ತಿ ದಿನ ಓಡಾಡಿರತ್ತೆ ನೋಡಮ್ಮಾ."

"ಹೇಗೆ ಹೇಳ್ತೀರಿ ಭಾವ?"

"ಕೈಗೆ ಹರಿದ ನೋಟು ಬಂದರೆ ಜನ ಏನು ಮಾಡ್ತಾರೆ? ಮೊದಲು ಅದನ್ನೇ ದಾಟಿಸ್ತಾರೆ. ಗರಿಗರಿ ನೋಟು ಬೀರುವಲ್ಲೇ ಉಳಿಯತ್ತೆ. ಕೌಂಟರಿನಲ್ಲಿ ಕೂತು ಇದನ್ನೇ ನೋಡಿದ್ದು ನಾನು."

ಆದದ್ದೂ ಹಾಗೇ. ಒಳ್ಳೆಯ ಬೆಳ್ಳಿಯವನ್ನು ಜನ ಕೂಡಿಟ್ಟರು, ಕರಗಿಸಿದರು. ಆಂಟನಿಯವನ್ನು ಯಾರೂ ಇಟ್ಟುಕೊಳ್ಳಲಿಲ್ಲ, ಕೈಯಿಂದ ಕೈಗೆ ದಾಟಿಸುತ್ತ ಹೋದರು. ಸೋತು ಸತ್ತವನ ನಾಣ್ಯ ಇನ್ನೂರು ವರ್ಷ ದಾಟಿಯೂ ಚಲಾವಣೆಯಲ್ಲಿತ್ತು. ಕ್ರಿ.ಶ. ಮೂರನೇ ಶತಮಾನದ ಹೂಳುನಿಧಿಗಳಲ್ಲೂ ಅವು ಬಿಲ್ಲೆಯಂತೆ ನುಣುಪಾಗಿ ಸಿಗುತ್ತವೆ.

ಹೊರಡುವ ಮುನ್ನ ಇನ್ನೊಂದು ಪೆಟ್ಟಿಗೆಯಲ್ಲಿ ಆಗಸ್ಟಸ್‌ನ ದಿನಾರಿಯಸ್ ಕಂಡಿತು. ಗೆದ್ದು ಚಕ್ರವರ್ತಿಯಾದ ಆಕ್ಟೇವಿಯನ್‌ನ ಹೊಸ ಹೆಸರೇ ಆಗಸ್ಟಸ್. ಹಿಂಬದಿಯಲ್ಲಿ ಗಾಯಸ್, ಲೂಸಿಯಸ್ ಎಂಬ ಇಬ್ಬರು ದತ್ತುಮಕ್ಕಳು, ನಡುವೆ ಗುರಾಣಿ, ಈಟಿ. ಯುದ್ಧ ಕಾಣದ ಹುಡುಗರನ್ನು ಮುಂದಿನ ನಾಯಕರೆಂದು ನಾಡಿಗೆಲ್ಲ ಪರಿಚಯಿಸಲು ಹೊಡೆಸಿದ್ದು. ಇಬ್ಬರೂ ಅಪ್ಪನಿಗಿಂತ ಮೊದಲೇ ತೀರಿಕೊಂಡರು. ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಈ ಬಗೆ ತೀರಾ ಸಾಮಾನ್ಯ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಆಗಸ್ಟಸ್, ಟೈಬೀರಿಯಸ್‌ರ ದಿನಾರಿಯಸ್‌ಗಳು ದೊರೆತಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಕೆಲಸಕ್ಕೆ ನೆಲ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯ ಒಟ್ಟಿಗೇ ಸಿಕ್ಕವು. ನಮ್ಮ ವರ್ತಕರಿಗೆ ಬೇಕಿದ್ದದ್ದು ಬೆಳ್ಳಿಯ ತೂಕ. ಆ ಹುಡುಗರು ಯಾರೆಂದು ಅವರು ಕೇಳಿರಲಾರರು.

ಬುಧವಾರ, ಬ್ರಿಂಡಿಸಿ

ರೈಲಿನಲ್ಲಿ ಇಡೀ ಹಗಲು ಕಳೆಯಿತು. ಬ್ರಿಂಡಿಸಿಯ ಬಂದರಿನ ಮೆಟ್ಟಿಲ ತುದಿಯಲ್ಲಿ ಎತ್ತರದ ರೋಮನ್ ಕಂಬವೊಂದಿದೆ. ಅದರ ಜೋಡಿ ಈಗ ಲೆಚ್ಚೆ ಊರಿನಲ್ಲಿದೆ. ರೋಮ್‌ನಿಂದ ಹೊರಟ ಆಪಿಯನ್ ರಸ್ತೆ ಇಲ್ಲಿಗೆ ಕೊನೆ. ಕ್ರಿ.ಪೂ. 40ರಲ್ಲಿ ಆಂಟನಿ ಈ ಊರಿಗೆ ಮುತ್ತಿಗೆ ಹಾಕಿದ, ಆಕ್ಟೇವಿಯನ್ ಎದುರಿಗೆ ಬಂದ. ಎರಡೂ ಕಡೆಯ ಹಳೆಯ ಸೈನಿಕರು ಸೀಸರನ ಕೆಳಗೆ ಜೊತೆಯಾಗಿ ಕಾದಿದವರು, ಪರಸ್ಪರ ಹೊಡೆದಾಡಲು ಒಪ್ಪಲಿಲ್ಲ. ನಾಯಕರು ರಾಜಿಯಾಗಲೇಬೇಕಾಯಿತು. ಆಂಟನಿ ಆಕ್ಟೇವಿಯನ್‌ನ ಅಕ್ಕ ಆಕ್ಟೇವಿಯಾಳನ್ನು ಮದುವೆಯಾದ. ಒಂದು ಬದಿಗೆ ಒಬ್ಬನ, ಇನ್ನೊಂದು ಬದಿಗೆ ಮತ್ತೊಬ್ಬನ ಮುಖವಿರುವ ಆ ವರ್ಷಗಳ ನಾಣ್ಯಗಳನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಕತ್ತಿ ಎತ್ತಲು ಒಲ್ಲೆವೆಂದ ಆ ಸೈನಿಕರು.

ರಾತ್ರಿಯ ಹಡಗು ಹತ್ತಿದೆವು. ಡೆಕ್ಕಿನ ಮೇಲೆ ಗಾಳಿ ಜೋರು. ಪಾಂಪೆಯ ಮಗ ಸೆಕ್ಸ್‌ಟಸ್‌ನ ನಾಣ್ಯದ ಚಿತ್ರವನ್ನು ಅಕ್ಕನಿಗೆ ತೋರಿಸಿದೆ. ಸಿಸಿಲಿಯನ್ನು ಹಿಡಿದು ಕೂತು ರೋಮ್‌ಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆದವನು ಅವನು. ನಾಣ್ಯದಲ್ಲಿ ಸಮುದ್ರದೇವರು ನೆಪ್ಚೂನ್ ಹಡಗಿನ ಮೂತಿಯ ಮೇಲೆ ಕಾಲಿಟ್ಟು ನಿಂತಿದ್ದಾನೆ. ಎರಡೂ ಪಕ್ಕಕ್ಕೆ ಎಟ್ನಾ ಜ್ವಾಲಾಮುಖಿ ಉಗುಳಿದಾಗ ಅಪ್ಪ ಅಮ್ಮನನ್ನು ಹೆಗಲ ಮೇಲೆ ಹೊತ್ತು ಓಡಿದ ಕಟಾನಾದ ಅಣ್ಣತಮ್ಮಂದಿರು. ಇನ್ನೊಂದು ಬದಿಗೆ ಸತ್ತ ಪಾಂಪೆಯ ಮುಖ. ಕಡಲುಗಳ್ಳನೆಂದು ಎದುರಾಳಿಗಳು ಕರೆದವನು, ನಾನು ತಂದೆಯ ಋಣ ತೀರಿಸುತ್ತಿರುವ ಮಗ ಎಂದು ಉತ್ತರ ಕೊಟ್ಟದ್ದು ಹೀಗೆ. ಅಕ್ಕ ಹೊತ್ತೊಯ್ಯುವ ಮಕ್ಕಳನ್ನು ತುಂಬ ಹೊತ್ತು ನೋಡಿದಳು. ಈ ಪ್ರವಾಸದಲ್ಲಿ ಅವಳಿಗೆ ಹಿಡಿಸಿದ ನಾಣ್ಯ ಇದೊಂದೇ.

ಗುರುವಾರ, ಪ್ರೆವೇಜಾ

ಇಗುಮೆನಿಟ್ಸಾದಲ್ಲಿ ಇಳಿದು ಬಾಡಿಗೆ ಕಾರು ಹಿಡಿದು ತೆಂಕಲಿಗೆ ಹೊರಟೆವು. ಪ್ರೆವೇಜಾ ತಣ್ಣನೆಯ ಊರು, ಭೂತಾಯಿಯಂಥ ಸಾರ್ಡೀನ್ ಮೀನಿಗೆ ಹೆಸರುವಾಸಿ. ನಮಗೆ ಬದನೆಕಾಯಿ, ಬೀನ್ಸು ಧಾರಾಳವಾಗಿ ಸಿಕ್ಕವು.

ಊಟ ಮುಗಿಸಿ ದಂಡೆಗೆ ಹೋದೆವು. ಎದುರಿಗೆ ಕಾಣುವ ತಗ್ಗು ನೆಲವೇ ಆಕ್ಟಿಯಂ. ನಡುವಿನ ನೀರು ಒಂದು ಕಿಲೋಮೀಟರ್ ಕೂಡ ಅಗಲವಿಲ್ಲ. ಒಳಗೆ ದೊಡ್ಡ ಕೊಲ್ಲಿ, ಅದಕ್ಕೆ ಇದೊಂದೇ ಬಾಯಿ. ಆಂಟನಿಯ ನೌಕಾಪಡೆ ಆ ಕೊಲ್ಲಿಯೊಳಗೆ ಸಿಕ್ಕಿಕೊಂಡಿತು. ಆಕ್ಟೇವಿಯನ್‌ನ ಸೇನಾನಿ ಅಗ್ರಿಪ್ಪಾ ಹೊರಗಿನ ರೇವುಗಳನ್ನೆಲ್ಲ ಹಿಡಿದು ಧಾನ್ಯದ ದಾರಿ ಕಟ್ಟಿದ. ಬೇಸಿಗೆಯ ಜೌಗು, ರೋಗ, ಹಸಿವು. ಹುಟ್ಟು ಹಾಕುವವರು ಸತ್ತರು, ಒಬ್ಬೊಬ್ಬರೇ ನಾಯಕರು ಎದುರು ಪಕ್ಷ ಸೇರಿದರು. ನಾಣ್ಯದ ಮೇಲೆ ಅಷ್ಟು ಹೆಮ್ಮೆಯಿಂದ ಸಾಗುವ ಆ ಹಡಗುಗಳಲ್ಲಿ ಕೆಲವಕ್ಕೆ ಸಿಬ್ಬಂದಿ ಸಾಲದೆ, ಕೊನೆಗೆ ಆಂಟನಿಯೇ ಬೆಂಕಿ ಹಚ್ಚಿಸಿದ.

ಶುಕ್ರವಾರ, ನಿಕೋಪೊಲಿಸ್

ಕ್ರಿ.ಪೂ. 31ರ ಸೆಪ್ಟೆಂಬರ್ 2ರ ಯುದ್ಧದಲ್ಲಿ ಕ್ಲಿಯೋಪಾತ್ರಳ ಹಡಗುಗಳು ಪಟ ಬಿಚ್ಚಿ ಹೊರಟವು, ಆಂಟನಿ ಹಿಂದೆಯೇ ಹೋದ. ಗೆದ್ದ ಆಕ್ಟೇವಿಯನ್ ತನ್ನ ಡೇರೆ ಇದ್ದ ಗುಡ್ಡದ ಮೇಲೆ ಸ್ಮಾರಕ ಕಟ್ಟಿಸಿದ, ಕೆಳಗೆ ನಿಕೋಪೊಲಿಸ್ ಎಂಬ ಹೊಸ ಊರನ್ನೇ ಎಬ್ಬಿಸಿದ. ಪ್ರೆವೇಜಾದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಸ್ಮಿರ್ಟೂಲಾ ಹಳ್ಳಿ, ಅದರ ಮೇಲಿನ ಇಳಿಜಾರಿನಲ್ಲಿ ಸ್ಮಾರಕ.

ಕಲ್ಲಿನ ಉದ್ದ ಗೋಡೆ, ಅದರಲ್ಲಿ ಸಾಲಾಗಿ ವಿಚಿತ್ರ ಆಕಾರದ ಗುಳಿಗಳು. ಹಿಡಿದ ಹಡಗುಗಳ ಮೂತಿಯ ಕಂಚಿನ ತಿವಿಗೊಂಬುಗಳ ಹಿಂಬದಿಯನ್ನು ಇಲ್ಲಿ ಸಿಕ್ಕಿಸಿ ನಿಲ್ಲಿಸಿದ್ದರು. ಅಂಥವು 30ಕ್ಕೂ ಹೆಚ್ಚಿದ್ದವು. 300 ಹಡಗು ಹಿಡಿದೆನೆಂದು ಆಕ್ಟೇವಿಯನ್ ಬರೆದುಕೊಂಡಿದ್ದನಂತೆ, ಹತ್ತರಲ್ಲೊಂದು ದೇವರಿಗೆಂದರೆ ಲೆಕ್ಕ ಹೊಂದುತ್ತದೆ. ಕಂಚೆಲ್ಲ ಎಂದೋ ಹೋಗಿದೆ. ಒಂದು ಗುಳಿಯ ಮುಂದೆ ಭಾವ ತೋಳು ಚಾಚಿ ಅಳೆದರು, ಅವರ ತೋಳು ಸಾಲಲಿಲ್ಲ. ಆಂಟನಿಯ ನಾಣ್ಯದಲ್ಲಿ ಸಾಸಿವೆಯಷ್ಟು ಕಂಡ ಹಡಗಿನ ಮೂತಿಯ ನಿಜವಾದ ಗಾತ್ರ ನನಗೆ ತಿಳಿದದ್ದು ಆಗ.

ಗೋಡೆಯ ಮೇಲಿದ್ದ ಲ್ಯಾಟಿನ್ ಶಾಸನದ ದಪ್ಪಕ್ಷರದ ತುಣುಕುಗಳು ಉಳಿದಿವೆ. ಈ ನಾಡಿನಲ್ಲಿ ಗಣರಾಜ್ಯಕ್ಕಾಗಿ ನಡೆಸಿದ ಯುದ್ಧ, ನೆಲ ಜಲಗಳಲ್ಲಿ ನೆಲೆಸಿದ ಶಾಂತಿ, ನೆಪ್ಚೂನ್ ಮತ್ತು ಮಾರ್ಸ್ ದೇವರಿಗೆ ಅರ್ಪಣೆ. ಯಾರ ಮೇಲೆ ಯುದ್ಧ ಎಂಬುದಿಲ್ಲ. ಅವನ ನಾಣ್ಯಗಳದೂ ಇದೇ ರೀತಿ. ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವಿ, ಹಡಗಿನ ಮೂತಿಗಳನ್ನು ಹೊಡೆದ ಕಂಬ, ಮೊಸಳೆಯೊಂದಿಗೆ 'ಈಜಿಪ್ಟ್ ಗೆದ್ದಾಯಿತು' ಎಂಬ ಮಾತು. ಆಂಟನಿಯ ಹೆಸರು ಎಲ್ಲಿಯೂ ಬರುವುದಿಲ್ಲ. ರೋಮನ್ನರನ್ನು ಕೊಂದು ಗೆದ್ದದ್ದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ, ಮೊಸಳೆಯನ್ನು ಗೆದ್ದೆನೆಂದರೆ ಯಾರಿಗೂ ನೋವಿಲ್ಲ.

ಆಂಟನಿಯ ಕಾಲಾಳುಗಳು ದಡದಲ್ಲಿ ನಿಂತು ನೋಡಿದರು. ಸೋಲರಿಯದ 19 ಲೀಜನ್‌ಗಳು ಎನ್ನುತ್ತಾನೆ ಪ್ಲುಟಾರ್ಕ್. ನಾಯಕ ಓಡಿದನೆಂದು ಹೇಳಿದರೆ ಅವರು ನಂಬಲಿಲ್ಲ, ಏಳು ದಿನ ಕಾದರು, ಆಮೇಲೆ ಆಕ್ಟೇವಿಯನ್ ಕಡೆ ಸೇರಿದರು. ಲೀಜನ್ ನಾಣ್ಯದ ಹಣೆಬರಹವನ್ನು ನಾನು ಓದುವುದು ಈ ಏಳು ದಿನಗಳಲ್ಲಿ.

ಶನಿವಾರ, ಪಾತ್ರಾಸ್

ಆಕ್ಟಿಯಂಗೆ ಈಗ ಕಡಲಡಿಯ ಸುರಂಗವಿದೆ, 2002ರಲ್ಲಿ ಆದದ್ದು. ಅದರಲ್ಲಿ ಹಾದು, ಆಂಟಿರಿಯೊದ ಉದ್ದನೆಯ ಸೇತುವೆ ದಾಟಿ ಮಧ್ಯಾಹ್ನಕ್ಕೆ ಪಾತ್ರಾಸ್. ಗದ್ದಲದ ಬಂದರು ಪಟ್ಟಣ. ಯುದ್ಧದ ಹಿಂದಿನ ಚಳಿಗಾಲ ಆಂಟನಿಯೂ ಕ್ಲಿಯೋಪಾತ್ರಳೂ ಇಲ್ಲೇ ಬೀಡುಬಿಟ್ಟಿದ್ದರು. ಲೀಜನ್ ನಾಣ್ಯಗಳಲ್ಲಿ ಬಹುಪಾಲು ಹುಟ್ಟಿದ್ದು ಇಲ್ಲಿ ಎಂದು ಹಲವರು ನಂಬುತ್ತಾರೆ. ಮೇಲೂರಿನ ರೋಮನ್ ಓಡಿಯನ್ ರಂಗಮಂದಿರದ ಮೆಟ್ಟಿಲಲ್ಲಿ ಕೂತು ಕಡತದ ಕೊನೆಯ ಹಾಳೆಗಳನ್ನು ತೆಗೆದೆ.

ಅಂಥ ಅಚ್ಚನ್ನು ಸುಮ್ಮನೆ ಬಿಟ್ಟಾರೆಯೇ? ಮುಂದಿನ ಚಕ್ರವರ್ತಿಗಳಾದ ಮಾರ್ಕಸ್ ಆರೇಲಿಯಸ್ ಮತ್ತು ಲೂಸಿಯಸ್ ವೇರಸ್ ಆರನೇ ಲೀಜನ್ನಿನ ಆಂಟನಿ ನಾಣ್ಯವನ್ನು ಹೊಸದಾಗಿ ಹೊಡೆಸಿದರು. ಕ್ರಿ.ಶ. 193ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಪಟ್ಟಕ್ಕೆ ಹೊರಟಾಗ, ತನ್ನ ಬೆನ್ನಿಗೆ ನಿಂತ ರೈನ್ ಮತ್ತು ಡ್ಯಾನ್ಯೂಬ್ ತೀರದ ಲೀಜನ್‌ಗಳ ಹೆಸರನ್ನು ಅದೇ ಹದ್ದು, ಅದೇ ಎರಡು ಧ್ವಜಗಳ ಜೊತೆ ಹಾಕಿಸಿದ. ಆಗಲೂ ಆಂಟನಿಯ ಹಳೆಯ ನಾಣ್ಯಗಳು ಅಂಗಡಿಗಳಲ್ಲಿ ಓಡಾಡುತ್ತಲೇ ಇದ್ದವು.

ಪಾತ್ರಾಸ್‌ನದೇ ತಾಮ್ರದ ನಾಣ್ಯವೊಂದಿದೆ. ಗೆದ್ದ ಮೇಲೆ ಆಗಸ್ಟಸ್ 10 ಮತ್ತು 12ನೇ ಲೀಜನ್‌ಗಳಿಂದ ನಿವೃತ್ತರಾದ ಸೈನಿಕರಿಗೆ ಈ ಊರಿನ ಸುತ್ತ ಜಮೀನು ಕೊಟ್ಟು ನೆಲೆಯೂರಿಸಿದ. ಆ ಸೈನಿಕರ ಮೊಮ್ಮಕ್ಕಳ ಕಾಲದಲ್ಲಿ ಊರು ಹೊಡೆಸಿದ ನಾಣ್ಯದ ಹಿಂಬದಿಯಲ್ಲಿ ಊರಿನ ಹೆಸರು, 10 ಮತ್ತು 12 ಎಂಬ ಸಂಖ್ಯೆ, ನಡುವೆ ಹದ್ದಿನ ದಂಡ, ಎಡಬಲಕ್ಕೆ ಎರಡು ಧ್ವಜ. ಭಾವ ಹಾಳೆಯನ್ನು ಬೆಳಕಿಗೆ ಹಿಡಿದು, "ಇದು ಆಂಟನಿಯದೇ ಅಲ್ವೇನಮ್ಮಾ?" ಅಂದರು. ಹಾಳೆ ತಿರುಗಿಸಿ ಮುಂಬದಿ ತೋರಿಸಿದೆ. ಅಲ್ಲಿದ್ದದ್ದು ಚಕ್ರವರ್ತಿ ಕ್ಲಾಡಿಯಸ್‌ನ ಮುಖ. ಅವನ ತಾಯಿ ಆಂಟೋನಿಯಾ, ಬ್ರಿಂಡಿಸಿಯ ರಾಜಿಗಾಗಿ ನಡೆದ ಮದುವೆಯಲ್ಲಿ ಮಾರ್ಕ್ ಆಂಟನಿಗೂ ಆಕ್ಟೇವಿಯಾಳಿಗೂ ಹುಟ್ಟಿದ ಮಗಳು.